ಉಪ್ಪು ನೀರಿನ ಸೆಲ್ ಮಾಡುತ್ತಿರುವ ತಮ್ಮನ ಮಗನಿಗೆ

ರಾಯಚೂರು

ಚಿರಂಜೀವಿ ತಮ್ಮಾ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಆರು ಲೋಟ ಉಪ್ಪು ನೀರು, ಒಂದೊಂದರಲ್ಲೂ ತಾಮ್ರದ ತಂತಿ, ಸತುವಿನ ಪಟ್ಟಿ, ಮೀಟರಿನಲ್ಲಿ 4.6 ವೋಲ್ಟ್. ಜೋಡಣೆ ಅಚ್ಚುಕಟ್ಟಾಗಿದೆ. ಓದಿನ ನಡುವೆ ಇಷ್ಟು ಮಾಡಿದ್ದೀಯಲ್ಲ, ನಿಜವಾಗಲೂ ಖುಷಿಯಾಯಿತು. ಆದರೆ ಇನ್ನೊಂದು ಲೋಟ ಸೇರಿಸಿದರೆ ಮೊಬೈಲ್ ಚಾರ್ಜ್ ಆಗುತ್ತದೆ ಅಂತ ಬರೆದಿದ್ದೀಯ. ಆಗುವುದಿಲ್ಲ ಮಗಾ. ಸಿಂಧನೂರಿನ ನಿನ್ನ ಗೆಳೆಯರಿಗೆಲ್ಲ ಹೇಳುವ ಮುಂಚೆ ಯಾಕೆ ಅಂತ ತಿಳಿದುಕೋ.

ಮೀಟರ್ ತೋರಿಸಿದ್ದು ಸೆಲ್ ಸುಮ್ನೆ ಕೂತಾಗಿನ ವೋಲ್ಟ್. ಕೆಲಸ ಹಚ್ಚಿ ನೋಡು. ಎರಡು ತುದಿಗೆ 100 ಓಮ್ ರೆಸಿಸ್ಟರ್ ಕಟ್ಟಿ ಅದರ ಮೇಲೆ ಅಳೆ. ವೋಲ್ಟ್ ಒಮ್ಮೆಗೇ ಕುಸಿಯುತ್ತದೆ, ಆಮೇಲೂ ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ. ತಾಮ್ರದ ಪಕ್ಕದ ನೀರಿನಲ್ಲಿ ಕರಗಿದ್ದ ಆಮ್ಲಜನಕ ಖರ್ಚಾಗುತ್ತದೆ, ತಾಮ್ರಕ್ಕೆ ಜಲಜನಕದ ಸಣ್ಣ ಗುಳ್ಳೆ ಹತ್ತುತ್ತದೆ. ಲೋಟವನ್ನು ಸ್ವಲ್ಪ ಕಲಕು, ಅಂಕಿ ಮೇಲೇಳುತ್ತದೆ. ಬಿಟ್ಟರೆ ಮತ್ತೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದರೆ ಅರ್ಧ ವಿದ್ಯೆ ಕಲಿತ ಹಾಗೆ.

ಈಗ ಲೆಕ್ಕ ಹಾಕೋಣ. ಲೋಡ್ ಇದ್ದಾಗ, ಅಂದರೆ ಹೀಗೆ ಕೆಲಸ ಹಚ್ಚಿದಾಗ, ಒಂದು ಲೋಟ ಅರ್ಧ ವೋಲ್ಟಿನಲ್ಲಿ 5 ಮಿಲಿಆಂಪ್ ಕೊಟ್ಟಿತು ಅಂತಿಟ್ಟುಕೋ. ಅಂದರೆ 2.5 ಮಿಲಿವಾಟ್. ಸಾಧಾರಣ ಚಾರ್ಜರ್ 5 ವಾಟ್. ಅಲ್ಲಿಗೆ 2000 ಲೋಟ ಬೇಕು.

ಇನ್ನೊಂದು ಮಾತು. "ನೀರಿನಿಂದ ಕರೆಂಟ್" ಅಂತ ಯಾರಿಗೂ ಹೇಳಬೇಡ. ಸವೆಯುವುದು ಸತುವು. ನೀರು, ಉಪ್ಪು ಬರೀ ದಾರಿ ಮಾಡಿಕೊಡುತ್ತವೆ. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರವನ್ನೇ ತಗೋ. ಕೃಷ್ಣೆಯ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ, ಆದರೆ ಉರಿಯುವುದು ಕಲ್ಲಿದ್ದಲು. ಕಲ್ಲಿದ್ದಲು ಬರದಿದ್ದರೆ ನದಿ ತುಂಬಿ ಹರಿದರೂ 1720 ಮೆಗಾವಾಟ್ ಬರುವುದಿಲ್ಲ ಅಲ್ವಾ? ನಿನ್ನ ಲೋಟದಲ್ಲಿ ಸತುವೇ ಕಲ್ಲಿದ್ದಲು. ಒಂದು ಗ್ರಾಂ ಸತುವು ಪೂರ್ತಿ ಕೆಲಸಕ್ಕೆ ಬಂದರೆ ಸುಮಾರು 820 ಮಿಲಿಆಂಪ್-ಗಂಟೆ. ಅಷ್ಟೂ ಸಿಗುವುದಿಲ್ಲ, ಲೋಡ್ ಇಲ್ಲದಾಗಲೂ ಅದು ತಾನಾಗಿ ಸವೆಯುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಪಟ್ಟಿಗಳನ್ನು ಎತ್ತಿ, ತೊಳೆದು, ಒರೆಸಿಡು.

ಹಾಗಾದರೆ ಇದರಿಂದ ಏನು ನಡೆಯುತ್ತದೆ? ಗೋಡೆ ಗಡಿಯಾರ ನಡೆಯುತ್ತದೆ, ಅದನ್ನೇ ಹಿಡಿ. ಎರಡು ಲೋಟ ಸರಣಿಯಲ್ಲಿ ಸೇರಿಸಿದರೆ 1.5 ವೋಲ್ಟ್ ಹತ್ತಿರ ಬರುತ್ತದೆ. ಗಡಿಯಾರ ಒಂದೊಂದು ಟಿಕ್‌ಗೂ ಒಂದು ಗುಟುಕು ಕರೆಂಟ್ ಎಳೆಯುತ್ತದೆ, ನಡುವೆ ಏನೂ ಜಾಸ್ತಿ ಬೇಡ. ಆ ಗುಟುಕಿಗೆ ಲೋಟ ಸಾಲದೆ ಮುಳ್ಳು ನಡುಗಿ ನಿಂತರೆ, ಸ್ವಲ್ಪ ಕರೆಂಟ್ ಕೂಡಿಟ್ಟು ಒಮ್ಮೆಗೇ ಕೊಡುವ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಗಡಿಯಾರದ ಎರಡು ತುದಿಗೆ ಅಡ್ಡಲಾಗಿ ಹಾಕು, ಪ್ಲಸ್ ಮೈನಸ್ ನೋಡಿಕೊಂಡು. ತಂತಿಯ ಬದಲು ಅಗಲವಾದ ತಾಮ್ರದ ತಗಡು ಇರಲಿ. ಮೋಟರ್ ರಿವೈಂಡಿಂಗ್ ಅಂಗಡಿಯ ತಂತಿಯೇ ಆದರೆ ಮೇಲಿನ ವಾರ್ನಿಶ್ ಕೆರೆದು ತೆಗೆಯದೆ ಹಾಕಬೇಡ. ನಿಮ್ಮ ಬೋರಿನ ಸವಳು ನೀರನ್ನೂ ಒಮ್ಮೆ ಉಪ್ಪಿಲ್ಲದೆ ಅಳೆದು ನೋಡು.

ಇನ್ನೂ ಗಟ್ಟಿ ಸೆಲ್ ಬೇಕೆಂದರೆ ನಿಮ್ಮೂರ ಗೊಬ್ಬರದ ಅಂಗಡಿಗೆ ಹೋಗು. ಭತ್ತಕ್ಕೆ ಹಾಕುವ ಜಿಂಕ್ ಸಲ್ಫೇಟ್, ದಾಳಿಂಬೆಗೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಮೈಲುತುತ್ತ (ಕಾಪರ್ ಸಲ್ಫೇಟ್), ಎರಡೂ ಅಲ್ಲೇ ಸಿಗುತ್ತವೆ. ಸುಟ್ಟ ಮಣ್ಣಿನ ಸಣ್ಣ ಕುಡಿಕೆಯಲ್ಲಿ ಜಿಂಕ್ ಸಲ್ಫೇಟ್ ನೀರು, ಸತುವು. ಆ ಕುಡಿಕೆಯನ್ನು ಮೈಲುತುತ್ತದ ನೀರಿನ ಗಾಜಿನ ಪಾತ್ರೆಯಲ್ಲಿ ಇಟ್ಟು ಸುತ್ತಲೂ ತಾಮ್ರದ ತಗಡು. ಇದು 1836ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡೇನಿಯಲ್ ಮಾಡಿದ ಸೆಲ್, ಹಿಂದೆ ತಂತಿ (ಟೆಲಿಗ್ರಾಫ್) ಕಚೇರಿಗಳನ್ನು ನಡೆಸಿದ್ದು ಇದೇ ಜಾತಿಯ ಸೆಲ್‌ಗಳು. ತಾಮ್ರದ ಮೇಲೆ ಗುಳ್ಳೆಯ ಬದಲು ಹೊಸ ತಾಮ್ರವೇ ಕೂರುತ್ತದೆ, ಅದಕ್ಕೇ 1.1 ವೋಲ್ಟ್ ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತದೆ. ಕುಡಿಕೆಗೆ ಒಳಗೂ ಹೊರಗೂ ಹೊಳಪು ಬಳಿದಿರಬಾರದು, ಮಣ್ಣು ನೀರು ಹೀರಬೇಕು.

ಆದರೆ ಮೈಲುತುತ್ತ ವಿಷ. ಅಡುಗೆಮನೆಯ ಪಾತ್ರೆ ಮುಟ್ಟಬೇಡ, ತಂಗಿಯ ಕೈಗೆ ಸಿಗುವ ಹಾಗೆ ಇಡಬೇಡ, ನೀಲಿ ನೀರನ್ನು ಕಾಲುವೆಗೆ ಚೆಲ್ಲಬೇಡ, ಮೀನು ಸಾಯುತ್ತವೆ. ಸತುವಿಗಾಗಿ ಹಳೇ ಸೆಲ್ ಬಿಚ್ಚುವುದಾದರೆ ಟಾರ್ಚಿನ ಕಾರ್ಬನ್-ಜಿಂಕ್ ಸೆಲ್ ಮಾತ್ರ, ಅದೂ ಕೈಗವಸು ಹಾಕಿಕೊಂಡು. ಆಲ್ಕಲೈನ್ ಸೆಲ್‌ನಲ್ಲಿ ಸುಡುವ ಕ್ಷಾರ ಇರುತ್ತದೆ. ಮೊಬೈಲ್ ಬ್ಯಾಟರಿಗಂತೂ ಚಾಕು ಹಚ್ಚಲೇಬೇಡ, ಬೆಂಕಿ ಹತ್ತುತ್ತದೆ.

ಒಂದು ನೋಟ್‌ಬುಕ್ ಇಡು. ಲೋಡ್ ಇಲ್ಲದಾಗ ಎಷ್ಟು, ಇದ್ದಾಗ ಎಷ್ಟು, ಒಂದು ಗಂಟೆ ಬಿಟ್ಟು ಎಷ್ಟು, ಎಲ್ಲ ಬರೆ. ಗಡಿಯಾರ ಎಷ್ಟು ದಿನ ನಡೆಯಿತು, ಸತುವು ಎಷ್ಟು ತೂಕ ಇಳಿಯಿತು ಅಂತಲೂ ಬರೆದು ನನಗೆ ಕಳಿಸು. ತಾಮ್ರದ ತಗಡಿನ ತುಂಡುಗಳನ್ನು ನಿನ್ನ ಅಪ್ಪ ಈ ಸಲ ಬಂದಾಗ ಕೊಟ್ಟು ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ