ರೋಬ್ಲಿಂಗ್ ಮನೆತನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ನೀನು ಸೇರಿರುವ, ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನ ರೆನ್ಸೆಲಿಯರ್ ಕಾಲೇಜಿನಲ್ಲೇ ಬ್ರೂಕ್ಲಿನ್ ಸೇತುವೆ ಕಟ್ಟಿದ ವಾಷಿಂಗ್ಟನ್ ರೋಬ್ಲಿಂಗ್ ಓದಿದ್ದು, 1857ರಲ್ಲಿ ಪಾಸಾಗಿದ್ದು ಅಂತ ಫೋನಿನಲ್ಲಿ ಹೇಳಿದೆಯಲ್ಲ, ನನಗೆ ತುಂಬ ಖುಷಿಯಾಯಿತು. ಟ್ರೆಂಟನ್ನಿನಲ್ಲಿ ಅವರ ತಂತಿ ಕಾರ್ಖಾನೆಯ ಹಳೇ ಇಟ್ಟಿಗೆ ಕಟ್ಟಡಗಳನ್ನು ನೋಡುತ್ತಲೇ ಬೆಳೆದವಳು ನೀನು. ಆ ಮನೆಯವರ ಕಥೆ ನಿನಗೆ ಪೂರ್ತಿ ಗೊತ್ತಿರಬೇಕು.

ಜಾನ್ ರೋಬ್ಲಿಂಗ್ ಹುಟ್ಟಿದ್ದು 1806ರಲ್ಲಿ, ಜರ್ಮನಿಯ ಮ್ಯೂಲ್‌ಹೌಸೆನ್‌ನಲ್ಲಿ. ಅಪ್ಪನದು ಹೊಗೆಸೊಪ್ಪಿನ ಅಂಗಡಿ. ಬರ್ಲಿನ್‌ನಲ್ಲಿ ಓದಿದ ಹುಡುಗ 1831ರಲ್ಲಿ ಸೋದರ ಕಾರ್ಲ್ ಜೊತೆ ಅಮೆರಿಕಕ್ಕೆ ಹಡಗು ಹತ್ತಿದ. ಪೆನ್ಸಿಲ್ವೇನಿಯಾದಲ್ಲಿ ಜಮೀನು ಕೊಂಡು ಸ್ಯಾಕ್ಸನ್‌ಬರ್ಗ್ ಅನ್ನುವ ಊರನ್ನೇ ಕಟ್ಟಿದರು. ಬೇಸಾಯ ಮಾತ್ರ ಕೈ ಹತ್ತಲಿಲ್ಲ. ಜಾನ್ ಮತ್ತೆ ಎಂಜಿನಿಯರ್ ಕೆಲಸಕ್ಕೇ ಹೋದ. ಆಗ ಕಾಲುವೆಯ ದೋಣಿಗಳನ್ನು ಬೆಟ್ಟದ ಮೇಲೆ ಹಳಿಯಲ್ಲಿ ಎಳೆದು ದಾಟಿಸುತ್ತಿದ್ದರು. ಎಳೆಯುವ ನಾರಿನ ಹಗ್ಗ ಸವೆದು ಸವೆದು ತುಂಡಾಗುತ್ತಿತ್ತು. ಅದನ್ನು ಕಂಡ ಜಾನ್ 1841ರಲ್ಲಿ ಕಬ್ಬಿಣದ ತಂತಿಯಿಂದ ಹಗ್ಗ ಮಾಡಿದ. ಅದನ್ನು ಹೊಸೆದವರು ಯಾರು ಗೊತ್ತಾ? ಅದೇ ಊರಿನ ರೈತರು, ಅಲ್ಲಿಯದೇ ಹುಲ್ಲುಗಾವಲಿನಲ್ಲಿ ನಿಂತು, ಕೈಯಾರೆ! ಮುಂದೆ ಜಾನ್ ಕಟ್ಟಿದ ನಯಾಗರದ ತೂಗುಸೇತುವೆ ಬಂತು, ಸಿನ್ಸಿನಾಟಿಯದು ಬಂತು.

ಹಿರಿಯ ಮಗ ವಾಷಿಂಗ್ಟನ್ ಹುಟ್ಟಿದ್ದು ಸ್ಯಾಕ್ಸನ್‌ಬರ್ಗ್‌ನಲ್ಲಿ. ಹೆಸರು ಅಮೆರಿಕದ್ದು, ಮನೆಯ ಮಾತು ಜರ್ಮನ್. ನಿನ್ನ ಬಾಲ್ಯದ ಹಾಗೇ ಅಲ್ವಾ? ಈ ವಾಷಿಂಗ್ಟನ್ ಮದುವೆಯಾದದ್ದು ಎಮಿಲಿ ವಾರೆನ್‌ಳನ್ನು. ಮದುವೆಯಾದ ಮೇಲೆ ಸೇತುವೆಯ ತಳಪಾಯದ ಕೆಲಸ ನೋಡಿ ಬರಲು ಇಬ್ಬರೂ ಯುರೋಪಿಗೆ ಹೋದರು. ಅವರ ಮಗ ಹುಟ್ಟಿದ್ದು ಅಲ್ಲೇ, 1867ರಲ್ಲಿ, ತಾತ ಬಿಟ್ಟು ಬಂದ ಅದೇ ಮ್ಯೂಲ್‌ಹೌಸೆನ್‌ನಲ್ಲಿ! ಮಗುವಿಗೆ ತಾತನ ಹೆಸರನ್ನೇ ಇಟ್ಟರು.

1869ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಜಾಗ ಅಳೆಯುವಾಗ ದೋಣಿಕಟ್ಟೆಯಲ್ಲಿ ಜಾನ್‌ನ ಕಾಲು ಜಜ್ಜಿಹೋಯಿತು. ಧನುರ್ವಾಯು ಆಗಿ ತಿಂಗಳೊಳಗೇ ತೀರಿಕೊಂಡ. ಕೆಲಸ 32ರ ಮಗನ ಹೆಗಲಿಗೆ ಬಂತು. ನದಿಯ ತಳಕ್ಕೆ ಬೋರಲು ಹಾಕಿದ ದೊಡ್ಡ ಮರದ ಪೆಟ್ಟಿಗೆ ಇಳಿಸಿ, ಒಳಗೆ ಗಾಳಿಯ ಒತ್ತಡ ತುಂಬಿ, ಜನ ಅದರೊಳಗೇ ಮಣ್ಣು ಅಗೆಯಬೇಕಿತ್ತು. ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಕೈಕಾಲು ಹಿಡಿಯುತ್ತಿತ್ತು, ಜೀವವೇ ಹೋಗುತ್ತಿತ್ತು. ಕೆಲಸಗಾರರ ಜೊತೆ ತಾನೂ ಇಳಿಯುತ್ತಿದ್ದ ವಾಷಿಂಗ್ಟನ್ 1872ರಲ್ಲಿ ಇದರಿಂದಲೇ ಹಾಸಿಗೆ ಹಿಡಿದ.

ಆಮೇಲೆ ನಿಂತವಳು ಎಮಿಲಿ. ನೀನೀಗ ಕ್ಲಾಸಿನಲ್ಲಿ ಕಲಿಯುತ್ತಿದ್ದೀಯಲ್ಲ, ವಸ್ತುಗಳ ಬಲ, ತೂಗುವ ಕೇಬಲ್ಲಿನ ಬಾಗು, ಅದನ್ನೆಲ್ಲ ಆಕೆ ಮನೆಯಲ್ಲೇ ಕಲಿತಳು. ಗಂಡನ ಸೂಚನೆಗಳನ್ನು ಬರೆದುಕೊಂಡು ಕೆಲಸದ ಜಾಗಕ್ಕೆ ಹೋಗಿ ಎಂಜಿನಿಯರುಗಳಿಗೆ ವಿವರಿಸುತ್ತಿದ್ದಳು. ಹೀಗೇ ವರ್ಷಗಟ್ಟಲೆ ನಡೆಯಿತು. ಸೇತುವೆ ತೆರೆದದ್ದು 1883ರ ಮೇ 24ರಂದು. ಅದಕ್ಕೂ ಮೊದಲೇ ಗಾಡಿಯಲ್ಲಿ, ಗೆಲುವಿನ ಗುರುತಿಗೆ ಹುಂಜವೊಂದನ್ನು ಇಟ್ಟುಕೊಂಡು, ಆಕೆ ದಾಟಿಯಾಗಿತ್ತು. ಸೇತುವೆಯ ಮೇಲೆ ಅವಳ ಹೆಸರಿನ ಫಲಕ ಬಂದದ್ದು ಮಾತ್ರ 1951ರಲ್ಲಿ, ಆಕೆ ಹೋಗಿ 48 ವರ್ಷವಾದ ಮೇಲೆ. ನನಗೆ ಇದು ಸಂಕಟದ ಮಾತು.

ಮುಂದಿನವರೂ ಸುಮ್ನೆ ಕೂರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಕೇಬಲ್ ಇವರದೇ ಕಂಪನಿಯದು. ಒಂದೊಂದು ಕೇಬಲ್ಲಿನಲ್ಲಿ 27,572 ತಂತಿ. ಎಮಿಲಿಯ ಮೊಮ್ಮಗ ಡೊನಾಲ್ಡ್, ಚಂಡಮಾರುತಕ್ಕೆ ಸಿಕ್ಕವರನ್ನು ಉಳಿಸಲು ನೆಲ, ನೀರು ಎರಡರಲ್ಲೂ ಓಡುವ ಗಾಡಿ ಮಾಡಿದ. ಡೆಲವೇರ್ ನದಿಯ ದಡದಲ್ಲಿ ಇವರು ಕಟ್ಟಿಸಿದ ರೋಬ್ಲಿಂಗ್ ಊರಿಗೆ ಹಂಗೇರಿ, ರೊಮೇನಿಯಾದಿಂದ ಕೆಲಸ ಹುಡುಕಿ ಬಂದವರು ಎಷ್ಟೋ ಜನ. ಅಲ್ಲೀಗ ಮ್ಯೂಸಿಯಂ ಇದೆ. ಈ ಸಲ ರಜಕ್ಕೆ ಬಂದಾಗ ಹೋಗೋಣ.

ಇಷ್ಟೆಲ್ಲ ಬರೆದದ್ದಕ್ಕೆ ಇನ್ನೊಂದು ಕಾರಣ ಇದೆ. ಅಜ್ಜಿಯ ಎಂಬತ್ತರ ಸಮಾರಂಭಕ್ಕೆ ನೀನು ಬರೆಯುತ್ತಿರುವ ವಂಶವೃಕ್ಷ ನೋಡಿದೆ. ಚೆನ್ನಾಗಿದೆ. ಆದರೆ ಅಪ್ಪನ ಕಡೆಯ ಹಳೇ ಪಟ್ಟಿಯನ್ನೇ ಹಾಗೇ ಇಳಿಸಿದ್ದೀಯ. ಗಂಡಸರಿಗೆಲ್ಲ ಹೆಸರಿದೆ. ಅಜ್ಜಿಯ ಅತ್ತೆಯ ಜಾಗದಲ್ಲಿ ಬರೀ 'ಪತ್ನಿ' ಅಂತಿದೆ. ಗಂಡ ಹೋದ ಮೇಲೆ ಅಡಿಕೆ ತೋಟ ಉಳಿಸಿ, ನಾಲ್ಕು ಮಕ್ಕಳನ್ನು ಓದಿಸಿದವರು ಅವರು. ಅವರ ಹೆಸರು, ತವರೂರು ಎರಡೂ ಬರಬೇಕು. ಮನೆಗೆ ಬಂದ ಸೊಸೆಯರದೆಲ್ಲ ಬರಬೇಕು. ಶಿರಸಿಯ ದೊಡ್ಡತ್ತೆಗೆ ಎಲ್ಲವೂ ಬಾಯಿಪಾಠ. ನೀನು ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡು, ಅಲ್ಲಿ ಸಂಜೆಯಾಗಿರುತ್ತದೆ, ಅವರು ಬಿಡುವಾಗಿರುತ್ತಾರೆ. ಪೆನ್ನು ಹಿಡಿದೇ ಕೂತುಕೋ, ತುಂಬ ಬೇಗ ಮಾತಾಡುತ್ತಾರೆ.

ನಿನ್ನ,
ಅಮ್ಮ