ಹಳೇ ಕಲ್ಲಿನಿಂದಲೇ ಅಳೆ

ಚಿರಂಜೀವಿ ಪುಟ್ಟಿಗೆ,

ತಿಪಟೂರಿನಿಂದ ನಿನ್ನ ದೊಡ್ಡಮಾವ ಮಾಡುವ ಆಶೀರ್ವಾದಗಳು. ಇತ್ತ ಕಡೆ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಈಗ ಸ್ವಲ್ಪ ಕಡಿಮೆಯಾಗಿದೆ. ನಿಮ್ಮ ಕಡೆಯ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ನಿನಗೆ ಭೂಮಾಪಕಿ ಕೆಲಸದ ಆದೇಶ ಬಂತು ಅಂತ ನಿನ್ನ ಅಮ್ಮ ಫೋನ್ ಮಾಡಿದಾಗ ನಾನು ತೋಟದಲ್ಲಿದ್ದೆ. ಕೈಲಿದ್ದ ಮಚ್ಚನ್ನು ಅಲ್ಲೇ ಇಟ್ಟು ಬದುವಿನ ಮೇಲೆ ಕೂತುಬಿಟ್ಟೆ. ನನ್ನ ನಂತರ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಯಾರೂ ಬರಲಿಲ್ಲ ಅನ್ನೋ ಕೊರಗು ನನಗಿತ್ತು. ಅದು ಹೋಯಿತು. ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ಎಲ್ಲರೂ ನಿನಗೆ ಲಂಚದ ವಿಷಯ ಹೇಳಿರುತ್ತಾರೆ. ಸರ್ವೆ ಇಲಾಖೆ ಅಂದರೆ ಜನಕ್ಕೆ ಮೊದಲು ನೆನಪಾಗುವುದೇ ಅದು. ಅದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ದುಡ್ಡಿನ ಕವರ್ ಎದುರಿಗೆ ಬಂದಾಗ ಅದು ಏನು ಅಂತ ನಿನಗೆ ಗೊತ್ತಿರುತ್ತದೆ. ಗೊತ್ತಿದ್ದೂ ತೆಗೆದುಕೊಳ್ಳುವವಳು ನೀನಲ್ಲ. ನಿನ್ನನ್ನು ಎತ್ತಿ ಆಡಿಸಿದವನು ನಾನು, ಅಷ್ಟು ನನಗೆ ಗೊತ್ತು. ನನ್ನ ಭಯ ಬೇರೆ. 35 ವರ್ಷದ ಕೆಲಸದಲ್ಲಿ ನಾನು ಒಂದು ರೂಪಾಯಿ ಮುಟ್ಟಲಿಲ್ಲ. ಆದರೂ ಒಬ್ಬ ಹೆಣ್ಣುಮಗಳ ನೆಲ ನನ್ನ ಕೈಯಿಂದ ಹೋಯಿತು. ಆ ಕಥೆ ನಿನ್ನ ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ.

1983ನೇ ಇಸವಿ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಒಂದು ಊರಿನಲ್ಲಿ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಿ ಕೊಡಲು, ಅರ್ಜಿ ಬಂದಿತ್ತು. ಒಂದು ಕಡೆ ಗಂಡನನ್ನು ಕಳೆದುಕೊಂಡ ಹೆಂಗಸು. ಆಕೆಗೆ ಇದ್ದದ್ದು ಒಂದೂವರೆ ಎಕರೆ ರಾಗಿ ಹೊಲ. ಇನ್ನೊಂದು ಕಡೆ ಸ್ವಲ್ಪ ಅನುಕೂಲವಂತ. ಆತ ಕೆಟ್ಟವನೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವತ್ತು ಅದು ನನ್ನ ಮೂರನೇ ಅಳತೆ. ಬಿಸಿಲಲ್ಲಿ ನಿಂತು ನಿಂತು ತಲೆ ಸಿಡಿಯುತ್ತಿತ್ತು. ಟಿಪ್ಪಣಿಯಲ್ಲಿ, ಅಂದರೆ ಹಳೇ ಅಳತೆಯ ದಾಖಲೆಯಲ್ಲಿ, ಇದ್ದ ಗಡಿಯ ಬಾಂದುಕಲ್ಲು ಸ್ಥಳದಲ್ಲಿ ಸಿಗಲಿಲ್ಲ. ಯಾರು ಕಿತ್ತಿದ್ದರೋ, ಮಣ್ಣಲ್ಲಿ ಮುಚ್ಚಿಹೋಗಿತ್ತೋ.

ಕಲ್ಲು ಸಿಗದಿದ್ದರೆ ಏನು ಮಾಡಬೇಕು ಅಂತ ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಪಕ್ಕದ ಸರ್ವೆ ನಂಬರಿಗೆ ಹೋಗಬೇಕು. ಅಲ್ಲೂ ಇಲ್ಲದಿದ್ದರೆ ಅದರಾಚೆಯದಕ್ಕೆ. ಅಲುಗಾಡದೆ ಇರುವ ಹಳೇ ಕಲ್ಲು ಸಿಗುವ ತನಕ ನಡೆದು, ಅಲ್ಲಿಂದ ಅಳೆದುಕೊಂಡು ಬರಬೇಕು. ಅವತ್ತು ಅದಕ್ಕೆ ಇನ್ನೂ ಎರಡು ಗಂಟೆ ಬೇಕಿತ್ತು. ಹೊತ್ತು ಮುಳುಗುತ್ತಿತ್ತು. ಕೊನೇ ಬಸ್ಸಿನ ಚಿಂತೆ ಬೇರೆ. ಆಗ ಆ ಪಕ್ಕದ ಹೊಲದವನು, "ಬೇಲಿ ನಮ್ಮಪ್ಪನ ಕಾಲದ್ದು ಸ್ವಾಮಿ, ಅದೇ ಗಡಿ" ಅಂದ. ಆಕೆ ಸುಮ್ಮನೆ ನಿಂತಿದ್ದಳು. ನಾನು ಬೇಲಿಯ ಉದ್ದಕ್ಕೆ ಗೆರೆ ಎಳೆದು, ಕಲ್ಲು ನೆಡಿಸಿ, ಮಹಜರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಸ್ಸು ಹತ್ತಿದೆ. ಯಾರೂ ನನಗೆ ಏನೂ ಕೊಡಲಿಲ್ಲ. ಒಂದು ಎಳನೀರು ಕೂಡ ಕುಡಿಯಲಿಲ್ಲ.

ಮೂರು ವರ್ಷ ಆದ ಮೇಲೆ, 1986ರಲ್ಲಿ, ಅದೇ ಊರಿನ ಬೇರೆ ಜಮೀನಿಗೆ ಅಳತೆಗೆ ಹೋದೆ. ಅಲ್ಲಿ ಒಂದು ಹಳೇ ಕಲ್ಲು ಗಟ್ಟಿಯಾಗಿ ನಿಂತಿತ್ತು. ಅದರಿಂದ ಅಳೆಯುತ್ತಾ ಬಂದಾಗ ನಾನು ನೆಡಿಸಿದ್ದ ಕಲ್ಲು ತಪ್ಪು ಜಾಗದಲ್ಲಿದೆ ಅಂತ ಗೊತ್ತಾಯಿತು. ಒಂದೂವರೆ ಆಣೆ ಆ ಹೆಂಗಸಿನ ಹೊಲದ ಒಳಕ್ಕೆ ಬಂದಿತ್ತು. ನಮ್ಮ ಆಗಿನ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಒಂದೂವರೆ ಆಣೆ ಅಂದರೆ ಮೂರಡಿ ಚಿಲ್ಲರೆ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಬದುವಿನ ಉದ್ದ 11 ಸರಪಳಿ ಇತ್ತು. 363 ಅಡಿ ಉದ್ದಕ್ಕೆ ಮೂರಡಿ ಅಗಲ ಹೋದರೆ 1089 ಚದರ ಅಡಿ. ಸರಿಯಾಗಿ ಒಂದು ಗುಂಟೆ.

ನಾನು ಅವತ್ತೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿನ್ನ ದೊಡ್ಡಮ್ಮನ ಮದುವೆ ಗೊತ್ತಾಗಿತ್ತು. ಕೆಲಸಕ್ಕೆ ಏನಾದರೂ ತೊಂದರೆ ಆದರೆ ಮದುವೆ ನಿಂತುಹೋಗುತ್ತದೆ ಅಂತ ಹೆದರಿದೆ. ನಾಲ್ಕು ತಿಂಗಳು ಹಾಗೇ ಕಳೆದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಈಗ ಯೋಚಿಸಿದರೆ ನನಗೆ ಹೆದರಿಕೆಯಾಗುವುದು ಅದಕ್ಕೇ. ತಪ್ಪಿನ ಜೊತೆ ಬದುಕುವುದು ಅಷ್ಟು ಸುಲಭವಾಗಿ ರೂಢಿಯಾಗಿಬಿಡುತ್ತದೆ. ಮನಸ್ಸಾಕ್ಷಿ ತಾನಾಗೇ ಎದ್ದು ಕೂಗುತ್ತದೆ ಅಂತ ಕಾಯುತ್ತಾ ಕೂರಬೇಡ ಪುಟ್ಟಿ. ನನ್ನದು ಕೂಗಲಿಲ್ಲ.

ಒಂದು ದಿನ ನಿನ್ನ ಅಜ್ಜಿಯ ಹತ್ತಿರ ಮಾತಿಗೆ ಮಾತು ಬಂದು ಹೇಳಿಬಿಟ್ಟೆ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. "ಎಷ್ಟು ಜಾಗ?" ಅಂದರು. ಒಂದು ಗುಂಟೆ ಅಂದೆ. "ಒಂದು ಗುಂಟೇಲಿ ಎಷ್ಟು ಸೇರು ರಾಗಿ ಆಗುತ್ತೆ?" ಅಂತ ಕೇಳಿದರು. ನನಗೆ ತಟ್ಟನೆ ಹೇಳಲು ಬರಲಿಲ್ಲ. ಅವರೇ ಲೆಕ್ಕ ಹಾಕಿದರು. ಮಳೆ ಚೆನ್ನಾಗಿ ಆದರೆ ಹದಿನೈದು ಸೇರು. ಮೂರು ವರ್ಷಕ್ಕೆ ನಲವತ್ತೈದು. "ಆಯಮ್ಮನ ಮನೇಲಿ ಎಷ್ಟು ಜನ?" ಅಂದರು. ಆಕೆ ಮತ್ತು ಇಬ್ಬರು ಮಕ್ಕಳು. "ಹಂಗಾದ್ರೆ ಒಂದು ತಿಂಗಳ ಮುದ್ದೆ" ಅಂತ ಹೇಳಿ ಮೊರ ಕೊಡವಿ ಎದ್ದು ಹೋದರು.

ನಾನು ಅದುವರೆಗೆ ಅದನ್ನು ಆಣೆ, ಅಡಿ, ಗುಂಟೆ ಅಂತ ಲೆಕ್ಕ ಹಾಕಿದ್ದೆ. ಮುದ್ದೆಯ ಲೆಕ್ಕ ನನ್ನ ತಲೆಗೆ ಬಂದೇ ಇರಲಿಲ್ಲ.

ಮಾರನೇ ದಿನ ಕಚೇರಿಗೆ ಹೋಗಿ ಬರೆದುಕೊಟ್ಟೆ. ನನ್ನ ಅಳತೆ ತಪ್ಪಾಗಿದೆ, ಮರು ಅಳತೆಗೆ ಆದೇಶ ಮಾಡಬೇಕು ಅಂತ. ವಿವರಣೆ ಕೇಳಿ ನೋಟಿಸ್ ಬಂತು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದರು. ಅದು ನ್ಯಾಯವೇ. ಮದುವೆಗೆ ಏನೂ ಅಡ್ಡಿ ಆಗಲಿಲ್ಲ. ಎರಡೂ ಕಡೆಯವರಿಗೆ ನೋಟಿಸ್ ಕೊಟ್ಟು, ಬೇರೆ ಭೂಮಾಪಕರು ಬಂದು ಅಳೆದು ಕಲ್ಲು ಸರಿಯಾದ ಜಾಗಕ್ಕೆ ಹಾಕಿದರು. ನಾನೂ ಹೋಗಿ ನಿಂತಿದ್ದೆ. ಪಕ್ಕದವನು ಬೇಲಿಯ ಪಕ್ಕ ತೆಂಗಿನ ಸಸಿ ನೆಟ್ಟಿದ್ದ. ಎರಡು ಸಸಿ ಆಕೆಯ ಕಡೆಗೆ ಬಂದವು. ಆತ ನನ್ನನ್ನು ಬಾಯಿಗೆ ಬಂದಂತೆ ಬೈದ. ನೀರು ಹೊತ್ತು ಹಾಕಿ ಬೆಳೆಸಿದವನು ಅವನು, ಬೈಯದೆ ಏನು ಮಾಡುತ್ತಾನೆ?

ಆಕೆ ಕೈ ಮುಗಿಯುತ್ತಾಳೆ ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ ಅನ್ನಿಸುತ್ತದೆ. ಆಕೆ ಮುಗಿಯಲಿಲ್ಲ. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಅವತ್ತು ಹೊತ್ತಾಗಿತ್ತು, ಕತ್ತಲಾಗುತ್ತಿತ್ತು ಅಂತ. ಆಕೆ ನನ್ನ ಮುಖ ನೋಡಿ ಕೇಳಿದಳು: "ಕತ್ಲಾಯ್ತು ಅಂತ ನನ್ನೊಲ ಚಿಕ್ಕದಾಗೋಯ್ತಾ ಸ್ವಾಮಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ಆದರೆ ಅದು ನನ್ನ ಜೊತೆ 2014ರಲ್ಲಿ ನಿವೃತ್ತಿ ಆಗುವ ತನಕ ಪ್ರತಿ ಹೊಲಕ್ಕೂ ಬಂತು. ಸಂಜೆ ಆರು ಗಂಟೆಗೆ ಕಲ್ಲು ಸಿಗದಿದ್ದರೆ ನಾನು ಅಳತೆ ನಿಲ್ಲಿಸಿ, ಇನ್ನೊಂದು ದಿನಕ್ಕೆ ಹಾಕಿ ಬರುತ್ತಿದ್ದೆ. ಜನ ಗೊಣಗುತ್ತಿದ್ದರು. ಕಚೇರಿಯಲ್ಲಿ ನನ್ನ ಕಡತಗಳೇ ಬಾಕಿ ಜಾಸ್ತಿ. ಆ ತಿಂಗಳ ಗುರಿ ಮುಟ್ಟಲಿಲ್ಲ ಅಂತ ಮಾತು ಕೇಳಿದ್ದೇನೆ. ನೀನೂ ಕೇಳಬೇಕಾಗುತ್ತದೆ. ಕೇಳು, ಪರವಾಗಿಲ್ಲ.

ನಾನು ಇಷ್ಟು ಉದ್ದಕ್ಕೆ ಬರೆದದ್ದು ಇದಕ್ಕೇ. ಒಳ್ಳೆಯವರ ಕೈ ತಪ್ಪುವುದು ಆಸೆಯಿಂದಲ್ಲ, ಹೆಚ್ಚಿನ ಸಲ ಆಯಾಸದಿಂದ. ಹಸಿವು, ಅವಸರ, ದಾಕ್ಷಿಣ್ಯ, ಕೊನೇ ಬಸ್ಸು. ಗಟ್ಟಿ ಮಾತಾಡುವವನ ಮಾತು ಸರಿ ಇರಬಹುದು ಅಂತ ಅನ್ನಿಸುವುದು. ಸುಮ್ಮನೆ ನಿಂತವರಿಗೆ ಒಪ್ಪಿಗೆ ಇದೆ ಅಂದುಕೊಳ್ಳುವುದು. ಆದ್ದರಿಂದ ಊಟದ ಡಬ್ಬಿ ಜೊತೆಯಲ್ಲೇ ಒಯ್ಯಿ. ಹೊಟ್ಟೆ ತುಂಬಿರುವವರಿಗೆ ಇನ್ನೊಂದು ನಂಬರಿನ ತನಕ ನಡೆಯುವುದು ಕಷ್ಟವಲ್ಲ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಸಾಯಂಕಾಲದ ತನಕ ಕೆಡುವುದಿಲ್ಲ. ಎಳನೀರು ಕೊಟ್ಟರೆ ಎರಡೂ ಕಡೆಯವರಿಂದ ಕುಡಿ, ಇಲ್ಲದಿದ್ದರೆ ಯಾರ ಕಡೆಯೂ ಬೇಡ. ಅರ್ಜಿದಾರರ ಬೈಕಿನಲ್ಲಿ ಹೋಗಬೇಡ. ಆಟೋ ಸಿಗದಿದ್ದರೆ ನಡೆ. ಇದೆಲ್ಲ ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಬೈಕಿನಲ್ಲಿ ಇಳಿದ ನಿನ್ನನ್ನು ಎದುರಿನ ಕಡೆಯವನು ಒಂದು ಸಲ ನೋಡಿದ ಅಂದರೆ, ಆಮೇಲೆ ನೀನು ಎಷ್ಟು ಸರಿಯಾಗಿ ಅಳೆದರೂ ಅವನು ನಂಬುವುದಿಲ್ಲ.

ಮಹಜರನ್ನು ಹೆಬ್ಬೆಟ್ಟು ಒತ್ತುವವರಿಗೆ ಪೂರ್ತಿ ಓದಿ ಹೇಳು. ಮೀಟರಿನಲ್ಲಿ ಹೇಳಬೇಡ, ಅಡಿಯಲ್ಲಿ ಹೇಳು, ಹೆಜ್ಜೆಯಲ್ಲಿ ತೋರಿಸು. ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಡು. ಹೆಂಗಸರು ಹಿಂದೆ ನಿಂತಿದ್ದರೆ ಮುಂದೆ ಕರೆ. "ನಿಮಗೆ ಗಡಿ ಎಲ್ಲಿ ಅಂತ ನೆನಪು?" ಅಂತ ಅವರನ್ನೂ ಕೇಳು. ನಾನು ಅವತ್ತು ಕೇಳಿದ್ದರೆ ಆಕೆ ಏನಾದರೂ ಹೇಳುತ್ತಿದ್ದಳೇನೋ. ನೀನು ಹೆಣ್ಣುಮಗಳು ಅಂತ ಮೊದಮೊದಲು ಕೆಲವರು ಗದರಿಸಿ ನೋಡುತ್ತಾರೆ. ಅವರ ಮೇಲೆ ಕೂಗಾಡಬೇಡ. ಟಿಪ್ಪಣಿ ಬಿಚ್ಚಿ ತೋರಿಸು. ಯಾರಾದರೂ ದೊಡ್ಡವರು ಫೋನ್ ಮಾಡಿ ಹೀಗೆ ಮಾಡು ಹಾಗೆ ಮಾಡು ಅಂದರೆ, ಬರೆದು ಕೊಡಿ ಸರ್ ಅಂತ ವಿನಯವಾಗಿ ಕೇಳು. ಬರೆದು ಕೊಟ್ಟವರನ್ನು ನಾನು ನೋಡಿಲ್ಲ.

ಈಗ ನಿಮಗೆ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದಿದೆ, ಡ್ರೋನ್ ಬಂದಿದೆ. ನನಗೆ ಅದು ಸಂತೋಷವೇ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಾಗಲೂ ನಾನು ಸಂತೋಷಪಟ್ಟವನೇ. ಕೈಬರಹದ ಪಹಣಿಯಲ್ಲಿ ಏನೇನು ತಿದ್ದುತ್ತಿದ್ದರು ಅಂತ ನೋಡಿದ್ದೆನಲ್ಲ. ಆದರೆ ಯಂತ್ರ ಎಷ್ಟೇ ಒಳ್ಳೆಯದಾದರೂ ಅದನ್ನು ಯಾವ ಕಲ್ಲಿನ ಪಕ್ಕ ಇಡಬೇಕು ಅಂತ ತೀರ್ಮಾನ ಮಾಡುವವಳು ನೀನು. ತಪ್ಪು ಕಲ್ಲಿನ ಪಕ್ಕ ಇಟ್ಟರೆ ಅದು ತಪ್ಪನ್ನೇ ಬಹಳ ನಿಖರವಾಗಿ ಅಳೆದು ಕೊಡುತ್ತದೆ.

ಸರಪಳಿಯ ಬಗ್ಗೆ ಒಂದು ಮಾತು. 1800ರಲ್ಲಿ ಬ್ರಿಟಿಷರ ಸರ್ವೆ ಅಧಿಕಾರಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಿಡಿದು ಆಧಾರ ರೇಖೆ ಅಳೆದ ಅಂತ ನೀನು ಓದಿರುತ್ತೀಯ. ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗುತ್ತದೆ ಅಂತ ಥರ್ಮಾಮೀಟರ್ ಇಟ್ಟು ಲೆಕ್ಕ ಹಾಕುತ್ತಿದ್ದ ಮನುಷ್ಯ ಆತ. ನಮ್ಮ ಹಳ್ಳಿ ಸರಪಳಿಗೆ ಥರ್ಮಾಮೀಟರ್ ಎಲ್ಲಿಂದ ಬರಬೇಕು. ಆದರೆ ನನಗೆ ಕೆಲಸ ಕಲಿಸಿದ ಹಿರಿಯರು ಆಗಾಗ ಅದನ್ನು ನೆಲಕ್ಕೆ ಹಾಸಿ, ಗುರುತು ಮಾಡಿದ 33 ಅಡಿಗೆ ಹಿಡಿದು ನೋಡುತ್ತಿದ್ದರು. ಎಳೆದು ಎಳೆದು ಕೊಂಡಿ ಕೂಡಿಸುವ ಬಳೆ ಸವೆಯುತ್ತದೆ, ಸರಪಳಿ ಉದ್ದವಾಗುತ್ತದೆ. ಉದ್ದವಾದ ಸರಪಳಿಯಲ್ಲಿ ಅಳೆದರೆ ಎಣಿಕೆ ಕಡಿಮೆ ಬರುತ್ತದೆ, ರೈತನ ಹೊಲ ಕಾಗದದಲ್ಲಿ ಸಣ್ಣದಾಗುತ್ತದೆ. ದಿನಾ ಹಿಡಿದವನಿಗೆ ಅದು ಗೊತ್ತೇ ಆಗುವುದಿಲ್ಲ. ನಾನು ಮದುವೆಯಾದ ಮೇಲೆ ನನ್ನನ್ನು ಹಾಗೆ ಅಳೆದು ನೋಡಿದ್ದು ನಿನ್ನ ಅತ್ತೆ. ದಿನ ಸಂಜೆ ಎಲ್ಲಿ ಹೋಗಿದ್ದೆ, ಏನು ಮಾಡಿದೆ ಅಂತ ಅವಳಿಗೆ ಹೇಳುತ್ತಿದ್ದೆ. ಯಾವುದನ್ನು ಹೇಳುವಾಗ ನನ್ನ ಮಾತು ಸುತ್ತು ಹಾಕುತ್ತಿತ್ತೋ, ಅವಳು ಅಲ್ಲೇ ತಡೆದು ಕೇಳುತ್ತಿದ್ದಳು. ನಿನಗೂ ಅಂಥ ಒಬ್ಬರು ಇರಲಿ. ಅಮ್ಮನಾದರೂ ಸರಿ, ಸ್ನೇಹಿತೆಯಾದರೂ ಸರಿ. ನನಗೆ ಫೋನ್ ಮಾಡಿದರೂ ಸರಿ.

ಸಂಬಳ ಸಾಲುವುದಿಲ್ಲ ಅನ್ನಿಸುವ ದಿನಗಳು ಬರುತ್ತವೆ. ಆಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಸಿಕೋ. ಗಂಡ ಮಾರಯ್ಯ ಆಯ್ದು ತಂದದ್ದು ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದ ಅಕ್ಕಿ. ಆದರೂ ಅವತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಅವಳು ವಾಪಸ್ಸು ಹಾಕಿ ಬರಲು ಕಳಿಸಿದಳು. ಚಿಕ್ಕಂದಿನಲ್ಲಿ ನನಗೆ ಈ ಕಥೆ ಅತಿ ಅನ್ನಿಸುತ್ತಿತ್ತು. ವರ್ಷಕ್ಕೆ ಒಂದು ಗೇಣು ಬದು ಕೆರೆದು ಕೆರೆದು ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲಲ್ಲಿ ಮುದುಕರಾಗುವುದನ್ನು ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಈ ಕೆಲಸದಲ್ಲಿ ಹೆಸರು ಬರುವುದಿಲ್ಲ ಪುಟ್ಟಿ. ಯಾವ ಬಾಂದುಕಲ್ಲಿನ ಮೇಲೂ ನೆಡಿಸಿದವರ ಹೆಸರು ಇರುವುದಿಲ್ಲ. ಆದರೂ ಈಗ ಬಸ್ಸಿನಲ್ಲಿ ಚಿಕ್ಕನಾಯಕನಹಳ್ಳಿ ಕಡೆ ಹೋಗುವಾಗ ಕಿಟಕಿಯಿಂದ ಹೊಲಗಳನ್ನು ನೋಡುತ್ತಾ ಕೂರುತ್ತೇನೆ. ಈ ಕಡೆ ಅಣ್ಣ ಉಳುತ್ತಿರುತ್ತಾನೆ, ಆ ಕಡೆ ತಮ್ಮ. ನಡುವೆ ಕಲ್ಲು ಸುಮ್ಮನೆ ನಿಂತಿರುತ್ತದೆ. ಅದನ್ನು ನೋಡಿದಾಗ ಹೊಟ್ಟೆ ತಣ್ಣಗಾಗುತ್ತದೆ. ಇನ್ನು ಯಾವ ಸನ್ಮಾನವೂ ನನಗೆ ಬೇಕು ಅನ್ನಿಸಿಲ್ಲ.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ, ಒಂದು ದಿನ ಮುಂಚೆಯೇ ಬಾ. ಅಟ್ಟದ ಮೇಲೆ ನನ್ನ ಹಳೇ ಸರಪಳಿ ಇದೆ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅದು ನಿನಗೆ. ಮೂರು ಬಳೆ ಸವೆದಿವೆ, ಅಳತೆಗೆ ಬಳಸಬೇಡ. ಬೆಳಿಗ್ಗೆ ಬೇಗ ಹೊರಟು ಆ ಊರಿಗೆ ಹೋಗಿ ಬರೋಣ. ಆಕೆ ತೀರಿಹೋಗಿ ಬಹಳ ವರ್ಷವಾಯಿತು, ಈಗ ಮಗ ಹೊಲ ನೋಡಿಕೊಳ್ಳುತ್ತಿದ್ದಾನೆ. ಆ ಎರಡು ತೆಂಗಿನ ಮರ ಇನ್ನೂ ಇವೆ. ಹೋದ ಸಲ ಹೋದಾಗ ಅವನು ಅದರಿಂದಲೇ ಎರಡು ಎಳನೀರು ಕೆಡವಿ ಕೊಟ್ಟ. ಅವು ಯಾವ ಮರಗಳು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮಾವ