ಯುವ ಬರಹಗಾರರಿಗೆ ಪತ್ರ: ಹಾಡಿನ ಬಿಡುವಿನಲ್ಲಿ ಹುಟ್ಟಿದ ಮಾತು

ಪ್ರಿಯ ಯುವಮಿತ್ರರೆ,

ಹಾಡು ನುಡಿಯುವಾಗಲೇ ಅದರ ಮೇಲೆ ಲಯಬದ್ಧವಾಗಿ ಮಾತಾಡುವ ಜಮೈಕಾದ ರೆಗ್ಗೆ ಸಂಗೀತದ ಡೀಜೆಗಳ ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಶ್ರದ್ಧೆ ಎದ್ದು ಕಾಣುತ್ತದೆ. ಆದರೆ ಡೀಜೆಗಳ ಸಾಲುಗಳನ್ನು ಹಾಳೆಯ ಮೇಲಿನ ಕವಿತೆಯೆಂಬಂತೆ ಬಿಡಿಸಿ ಅರ್ಥ ಹೇಳುತ್ತ ಹೋಗಿದ್ದೀರಿ. ಅವು ಯಾವ ಹಾಡಿನ ಮೇಲೆ, ತಾಳದ ಯಾವ ಬಿಡುವಿನಲ್ಲಿ ಬಂದವೆಂಬುದು ಎಲ್ಲಿಯೂ ಕೇಳಿಸುವುದಿಲ್ಲ. ಈ ಕಲೆಯ ಜೀವವಿರುವುದೇ ಅಲ್ಲಿ.

1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಭಾರೀ ಸ್ಪೀಕರುಗಳನ್ನು ಜೋಡಿಸಿ ರೆಕಾರ್ಡು ಹಾಕಿ ಜನರನ್ನು ಕುಣಿಸುತ್ತಿದ್ದ ಸೌಂಡ್ ಸಿಸ್ಟಂಗಳ ನಡುವೆ ತೀವ್ರ ಪೈಪೋಟಿಯಿತ್ತು. ಅಮೆರಿಕದ ರೇಡಿಯೊ ನಿರೂಪಕರ ಚುರುಕು ಮಾತಿನಿಂದ ಪ್ರೇರಣೆ ಪಡೆದ ಕೌಂಟ್ ಮಚೂಕಿ ಮೈಕ್ ಹಿಡಿದು ನೆರೆದವರನ್ನು ಹುರಿದುಂಬಿಸತೊಡಗಿದ. ಅವನ ಹಿಂದೆಯೇ ಕಿಂಗ್ ಸ್ಟಿಟ್ ಬಂದ. ರೆಕಾರ್ಡು ಹಾಕುವವನನ್ನು ಅಲ್ಲಿ ಸೆಲೆಕ್ಟರ್ ಎನ್ನುತ್ತಾರೆ, ಮಾತಾಡುವವನೇ ಡೀಜೆ. ಇದನ್ನು ನಮ್ಮ ಓದುಗರಿಗೆ ಆರಂಭದಲ್ಲೇ ತಿಳಿಸಿಬಿಡಿ.

ಅರವತ್ತರ ದಶಕದ ಕೊನೆಗೆ, ಗಾಯನವನ್ನು ತೆಗೆದು ವಾದ್ಯಗಳನ್ನಷ್ಟೇ ಉಳಿಸಿದ ‘ವರ್ಷನ್’ಗಳು ಬಂದ ಮೇಲೆ ಡೀಜೆಗೆ ಮಾತಾಡಲು ನಿಜವಾದ ಜಾಗ ಸಿಕ್ಕಿತು. ಧ್ವನಿ ತಂತ್ರಜ್ಞ ಕಿಂಗ್ ಟಬ್ಬಿಯ ಸೌಂಡ್ ಸಿಸ್ಟಂನಲ್ಲಿ ಪಳಗಿದ ಡೀಜೆ ಯು-ರಾಯ್, 1970ರಲ್ಲಿ ನಿರ್ಮಾಪಕ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಪ್ಯಾರಗಾನ್ಸ್ ತಂಡದ ಹಳೆಯ ಹಾಡೊಂದರ ಮೇಲೆ ಧ್ವನಿಮುದ್ರಿಸಿದ ‘ವೇರ್ ಯೂ ಟು ದ ಬಾಲ್’ ಕೇಳಿ. ಗಾಯಕರ ಸಾಲು ಬರುತ್ತದೆ, ಫಕ್ಕನೆ ನಿಲ್ಲುತ್ತದೆ. ಬಾಸ್ ಮತ್ತು ಡ್ರಮ್ಮು ಮಾತ್ರ ಮುಂದುವರಿಯುವಾಗ ಯು-ರಾಯ್ ನಡುವೆ ನುಗ್ಗಿ, ಗಾಯಕ ಹೇಳಿದ್ದನ್ನು ಕೇಳಿಸಿಕೊಂಡೆಯಾ ಎಂದು ಹುಡುಗಿಯನ್ನು ವಿಚಾರಿಸಿ, ಕೂಗಿ, ತಾಳಕ್ಕಿಂತ ಒಂದು ಹೆಜ್ಜೆ ಮುಂದೆ ಓಡಿ, ಗಾಯನ ಮರಳುವ ಹೊತ್ತಿಗೆ ಮತ್ತೆ ಅದರೊಡನೆ ಮಾತಿಗಿಳಿಯುತ್ತಾನೆ. ಹಳೆಯ ಪ್ರೇಮಗೀತೆ ಅಳಿಯುವುದಿಲ್ಲ, ಅದಕ್ಕೆ ಎದುರುಮಾತಾಡುವ ಜೊತೆಗಾರ ಸಿಗುತ್ತಾನೆ. ಈ ಸಂಭಾಷಣೆಯನ್ನು ಬಿಟ್ಟು ಯು-ರಾಯ್‌ನ ಪದಗಳನ್ನಷ್ಟೇ ಉದ್ಧರಿಸಿದರೆ ಓದುಗರಿಗೆ ಬರೀ ಉದ್ಗಾರಗಳೇ ಕಾಣುತ್ತವೆ; ನಿಮ್ಮ ಲೇಖನದಲ್ಲಿ ಆಗಿರುವುದೂ ಅದೇ.

ಮತ್ತೊಬ್ಬ ಡೀಜೆ ಬಿಗ್ ಯೂತ್ ಕುರಿತ ಭಾಗ ಚೆನ್ನಾಗಿದೆ. 1972ರ ‘ಎಸ್.90 ಸ್ಕ್ಯಾಂಕ್’ನಲ್ಲಿ ಮೊಳಗುವ ಮೋಟಾರ್ ಸೈಕಲ್ಲಿನ ಸದ್ದನ್ನೂ ಜಮೈಕಾದಲ್ಲಿ ಹುಟ್ಟಿದ ಧಾರ್ಮಿಕ ಪಂಥವಾದ ರಾಸ್ತಫಾರಿಯಲ್ಲಿ ಅವನಿಗಿದ್ದ ನಂಬಿಕೆಯನ್ನೂ ನೀವು ಒಟ್ಟಿಗೆ ಹಿಡಿದಿದ್ದೀರಿ. ಆದರೆ ರ‍್ಯಾಪ್ ಇದರಿಂದ ಹುಟ್ಟಿತೆಂದು ಸಾಧಿಸಲು ಅಷ್ಟು ಪುಟಗಳು ಬೇಡ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, ರ‍್ಯಾಪ್ ಬೆಳೆದ ಹಿಪ್‌ಹಾಪ್‌ಗೆ ನಾಂದಿ ಹಾಡಿದ ಕೂಲ್ ಹರ್ಕ್ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸೌಂಡ್ ಸಿಸ್ಟಂ ನಡೆಸಿದ್ದನ್ನು ಒಂದು ಪ್ಯಾರಾದಲ್ಲಿ ಹೇಳಿದರೆ ಸಾಕು. ಡೀಜೆಯ ಹಿರಿಮೆಗೆ ಬೇರೊಂದು ದೇಶದ ಸಂಗೀತದ ಸಾಕ್ಷಿ ಬೇಕಿಲ್ಲ.

ತಿದ್ದುವ ಮೊದಲು ‘ಸ್ಟಾಲಗ್’ ಎಂಬ ರಿದಂ, ಅಂದರೆ ಹಲವು ಹಾಡುಗಳಿಗೆ ತಳಹದಿಯಾಗುವ ಬಾಸ್-ಡ್ರಮ್ಮಿನ ವಾದ್ಯಪಾಠ, ಕೇಳಿ. ಮೊದಲು ಆನ್ಸೆಲ್ ಕಾಲಿನ್ಸ್‌ನ ವಾದ್ಯಸಂಗೀತ, ಬಳಿಕ ಅದರ ಮೇಲೆ 1982ರಲ್ಲಿ ಬಂದ ಸಿಸ್ಟರ್ ನ್ಯಾನ್ಸಿಯ ‘ಬ್ಯಾಮ್ ಬ್ಯಾಮ್’, ಆಮೇಲೆ ಟೆನರ್ ಸಾ ಹಾಡಿದ ‘ರಿಂಗ್ ದಿ ಅಲಾರಂ’. ಅದೇ ಬಾಸ್, ಮೂರು ಬೇರೆ ಲೋಕ. ಗಂಡಸರೇ ತುಂಬಿದ್ದ ಆ ಅಂಗಳದಲ್ಲಿ ನ್ಯಾನ್ಸಿ ಎಷ್ಟು ನಿರಾಳವಾಗಿ ನಿಲ್ಲುತ್ತಾಳೆ, ಎಲ್ಲಿ ಬಾಸ್ ಮಾತಾಡಲೆಂದು ತಾನು ಸುಮ್ಮನಾಗುತ್ತಾಳೆ ಎಂಬುದನ್ನು ಗುರುತು ಹಾಕಿಕೊಂಡು, ಆ ಗುರುತುಗಳಿಂದಲೇ ಲೇಖನವನ್ನು ಮತ್ತೆ ಕಟ್ಟಿ. ಗಾಯನವನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿದಿದ್ದ ಟಬ್ಬಿಯಂಥವರಿಗೂ ಅದರಲ್ಲಿ ಡೀಜೆಯಷ್ಟೇ ಜಾಗ ಕೊಡಿ. ಹೊಸ ಪ್ರತಿ ಸಿದ್ಧವಾದ ಕೂಡಲೇ ಕಳುಹಿಸಿ. ಆ ಹಾಡುಗಳನ್ನು ಹಾಕಿಕೊಂಡೇ ಓದುತ್ತೇನೆ.

ನಿಮ್ಮ ವಿಶ್ವಾಸಿ